ಅವರ ಹೆಸರು ಕೇಳಿದಾಗ

ನಿಮ್ಮ ಮುತ್ಯಾನ, ಅಂದರೆ ನನ್ನ ಯಜಮಾನರ, ಬಲಗೈ ಹೆಬ್ಬೆರಳು ಉಳಿದ ಬೆರಳುಗಳಂತೆ ಇರಲಿಲ್ಲ. ತುದಿ ಅಗಲವಾಗಿ ಚಪ್ಪಟೆಯಾಗಿತ್ತು, ಬಾಳೆಯ ಕರೆ ಹತ್ತಿ ಕಪ್ಪಾಗಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕಮಲಾಪುರದ ತೋಟಗಳಿಂದ ಕೆಂಪು ಬಾಳೆಗೊನೆ ತಂದು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಗಾಡಿಯ ಮೇಲಿಟ್ಟು ಮಾರುವುದು ಅವರ ಕೆಲಸ. ಕಾಯಿಯನ್ನು ಆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ, "ಇದು ಬುಧವಾರಕ್ಕ ತಿನ್ರಿ" ಎನ್ನುತ್ತಿದ್ದರು. ಬುಧವಾರಕ್ಕೆ ಅದು ಹಣ್ಣಾಗಿರುತ್ತಿತ್ತು. ಈಗಲೇ ತಿನ್ನುವಂಥದ್ದು ಬೇಕೆಂದು ಗಿರಾಕಿ ಹಟ ಹಿಡಿದರೆ, "ಹಂಗಾರ ಮುಂದಿನ ಗಾಡಿಗೆ ಹೋಗ್ರಿ. ನನ್ನ ಕಡಿ ಸುಳ್ಳು ಹಣ್ಣು ಸಿಗಂಗಿಲ್ಲ" ಎಂದು ನಕ್ಕು ಕಳಿಸುತ್ತಿದ್ದರು.

ಮಕ್ಕಳೇ, ಅವರು ಹೋದಾಗ ನಿಮ್ಮಲ್ಲಿ ದೊಡ್ಡವಳು ತೊಟ್ಟಿಲಲ್ಲಿದ್ದಳು. ಉಳಿದವರು ಅವರನ್ನು ಗೋಡೆಯ ಫೋಟೋದಲ್ಲಷ್ಟೇ ನೋಡಿದ್ದೀರಿ. ಆ ಫೋಟೋದಲ್ಲಿ ಕೈ ಕಾಣುವುದಿಲ್ಲ. ಅದಕ್ಕೇ ಕೈಯಿಂದ ಶುರು ಮಾಡಿದೆ.

ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಓದು ಬರಹ ಬಂತು, ನಾಲ್ಕು ಜನರ ಮುಂದೆ ಮಾತಾಡುವ ಧೈರ್ಯ ಬರಲಿಲ್ಲ. ಗಂಡನ ಹೆಸರು ಹೇಳುವುದಂತೂ ನಮ್ಮ ಮನೆತನದಲ್ಲಿ ಇರಲೇ ಇಲ್ಲ. ನಮ್ಮವ್ವ ಹೇಳಲಿಲ್ಲ, ನಮ್ಮ ಅತ್ತೆ ಹೇಳಲಿಲ್ಲ. ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ ಕಾರ್ಡಿನ ಮೇಲೆ ಬೆರಳಿಡುತ್ತಿದ್ದೆ. ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಓಣಿಯ ಹೆಂಗಸರು ಇದಕ್ಕೆ ನನ್ನನ್ನು ಕಾಡುತ್ತಿದ್ದರು. ನಿಮ್ಮ ಮುತ್ಯಾ ಮಾತ್ರ ಎಂದೂ ಹೇಳೆಂದು ಒತ್ತಾಯ ಮಾಡಲಿಲ್ಲ.

ಐವತ್ತು ದಾಟುತ್ತಲೇ ಅವರು ಸೊರಗತೊಡಗಿದರು. ಅಂಗಿ ಗೂಟಕ್ಕೆ ಹಾಕಿದಂತೆ ಮೈಮೇಲೆ ಜೋಲಾಡುತ್ತಿತ್ತು. ಒಂದು ಕೊಡ ನೀರು ಕುಡಿದರೂ ದಾಹ ಹೋಗದು. ಸಕ್ಕರೆ ಕಾಯಿಲೆ ಎಂದು ಗುಳಿಗೆ ಕೊಟ್ಟರು. ಐದಾರು ತಿಂಗಳು ನುಂಗಿದರೂ ಸಕ್ಕರೆ ಇಳಿಯಲಿಲ್ಲ, ಅವರೇ ಇಳಿದರು. ಆಗ ಡಾಕ್ಟರರು ಇನ್ಸುಲಿನ್ ಬರೆದರು. ಯಾವ ನಮೂನೆಯ ಸಕ್ಕರೆ ಕಾಯಿಲೆ ಎಂದು ಅವರಿಗೂ ಖಚಿತವಿರಲಿಲ್ಲ. ದೇಹ ಇನ್ಸುಲಿನ್ ತಯಾರಿಸುವುದನ್ನೇ ಬಿಟ್ಟುಬಿಡುವುದು ಮೊದಲನೆಯ ನಮೂನೆಯಂತೆ. ತಯಾರಿಸಿದರೂ ಸಾಲದೆ ಹೋಗುವುದು ಎರಡನೆಯದಂತೆ. ಮೊದಲನೆಯದು ಹೆಚ್ಚಾಗಿ ಸಣ್ಣ ವಯಸ್ಸಿನವರಿಗೆ, ಆದರೆ ಇವರ ಮೈ ನೋಡಿದರೆ ಹಾಗೇ ಅನ್ನಿಸುತ್ತದೆ, ರಕ್ತವನ್ನು ಹೈದರಾಬಾದಿಗೆ ಕಳಿಸಿ ನೋಡಬೇಕು ಎಂದರಂತೆ. ಎಲ್ಲವೂ 'ಅಂತೆ', ಏಕೆಂದರೆ ಡಾಕ್ಟರರ ಕೋಣೆಗೆ ನಾನು ಹೋಗುತ್ತಲೇ ಇರಲಿಲ್ಲ. ಹೊರಗೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಿದ್ದೆ.

ಹೊರಗೆ ಬಂದವರು ಬೆಂಚಿನ ಮೇಲೆ ನನ್ನ ಪಕ್ಕ ಕೂತು ಹೇಳಿದರು: "ನೀ ನನ್ನ ಹೆಸರ ಹೇಳಂಗಿಲ್ಲ. ಡಾಕ್ಟ್ರಿಗಿ ನನ್ನ ರೋಗದ ಹೆಸರ ಹೇಳಾಕ ಬರಂಗಿಲ್ಲ. ಇಬ್ಬರೂ ಕೂಡಿ ನನ್ನ ಹೆಸರಿಲ್ಲದಂವನ್ನ ಮಾಡೀರಿ ನೋಡು." ನಾನು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕೆ. ಹೈದರಾಬಾದಿಗೆ ಕಳಿಸುವ ರಕ್ತವನ್ನು ಅವರು ಈ ಸೀಸನ್ ಮುಗಿಯಲಿ, ಆ ಹಬ್ಬ ಮುಗಿಯಲಿ ಎಂದು ಮುಂದೂಡುತ್ತಲೇ ಹೋದರು.

ಸೂಜಿ ಹಾಕುವುದನ್ನು ಇಬ್ಬರೂ ಬಾಳೆಕಾಯಿಯ ಮೇಲೆ ಕಲಿತೆವು. ನರ್ಸಮ್ಮ ತೋರಿಸಿದಂತೆ ಸಿರಿಂಜಿಗೆ ಬರಿ ನೀರು ತುಂಬಿ ಕಾಯಿಗೆ ಚುಚ್ಚುವುದು. ಹತ್ತು ಕಾಯಿ ಕೆಟ್ಟ ಮೇಲೆ ಅವರು ಅಂಗಿ ಎತ್ತಿ, ಹೊಟ್ಟೆಯ ಮೇಲೆ ಹೆಬ್ಬೆರಳಿಟ್ಟು, "ಇಲ್ಲಿ ಹಣ್ಣಾಗ್ಯಾದ, ಚುಚ್ಚು" ಎಂದರು. ಅಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು, ಊಟಕ್ಕೆ ಅರ್ಧ ತಾಸು ಮೊದಲು, ನಾನೇ ಹಾಕುತ್ತಿದ್ದೆ.

ಶ್ರಾವಣದ ಒಂದು ಸೋಮವಾರ ಸೂಜಿ ಹಾಕಿಸಿಕೊಂಡು, ಸ್ನಾನ ಮಾಡಿ ಲಿಂಗಪೂಜೆಗೆ ಕೂತರು. ಪೂಜೆಯಾಗದೆ ಅವರು ಬಾಯಿಗೆ ನೀರು ಸಹ ಹಾಕುತ್ತಿರಲಿಲ್ಲ. ಅಂದು ಪೂಜೆ ಉದ್ದವಾಯಿತು. ರೊಟ್ಟಿ ಬಡಿದಿಟ್ಟು ಹೋಗಿ ನೋಡಿದರೆ, ಎಡ ಅಂಗೈಯಲ್ಲಿ ಲಿಂಗವಿದೆ, ಕೈ ಗಡಗಡ ನಡುಗುತ್ತಿದೆ, ಮೈಯೆಲ್ಲ ಬೆವರು. ಕರೆದರೆ ಯಾರೋ ಗುರುತಿಲ್ಲದವಳನ್ನು ನೋಡಿದಂತೆ ನೋಡಿದರು. ಸಕ್ಕರೆ ನೀರು ಬಾಯಿಗೆ ಹಿಡಿದೆ. "ಪೂಜಿ ಆಗಿಲ್ಲ" ಎಂದು ತೊದಲುತ್ತ ಮುಖ ತಿರುವಿದರು. ಅವರ ಮಾತು ಎಂದೂ ಮೀರದ ನಾನು ಅಂದು ಗದ್ದ ಹಿಡಿದು ಕುಡಿಸಿದೆ. ಸುಧಾರಿಸಿಕೊಂಡ ಮೇಲೆ ಹೊಸ ಕ್ರಮ ಮಾಡಿದರು: "ಮೊದಲ ಪೂಜಿ, ಆಮ್ಯಾಗ ಸೂಜಿ, ಆಮ್ಯಾಗ ರೊಟ್ಟಿ. ಶಿವನಿಗೂ ಸಿಟ್ಟಿಲ್ಲ, ಡಾಕ್ಟ್ರಿಗೂ ಸಿಟ್ಟಿಲ್ಲ."

ಆದರೆ ನನ್ನ ಎದೆಯಲ್ಲಿ ಒಂದು ಹೆದರಿಕೆ ಕೂತುಬಿಟ್ಟಿತು. ಊಟವಿಲ್ಲದೆ ಸೂಜಿ ಹಾಕಿದರೆ ಮನುಷ್ಯ ಕೈಬಿಟ್ಟು ಹೋಗುತ್ತಾನೆ. ಬೆಂಚಿನ ಮೇಲೆ ಕೂತು ನಾನು ಕಲಿತದ್ದು ಅಷ್ಟೇ.

ಕೊನೆಗೊಮ್ಮೆ ಹೈದರಾಬಾದಿಗೆ ಕಳಿಸಲು ಲ್ಯಾಬಿನಲ್ಲಿ ರಕ್ತ ಕೊಟ್ಟರು. ಅದಾಗಿ ಎರಡು ದಿನಕ್ಕೆ, ಮೈದುನನ ಬಸುರಿ ಮಗಳ ಕುಬಸದ ಕಾರ್ಯಕ್ಕೆಂದು ಕಮಲಾಪುರಕ್ಕೆ ಹೋದೆವು. ಮರುದಿನ ಬೆಳಿಗ್ಗೆ ಅವರಿಗೆ ವಾಂತಿ ಶುರುವಾಯಿತು. ಗಂಜಿ ಕೊಟ್ಟೆ, ನಿಲ್ಲಲಿಲ್ಲ. ಮೈದುನನ ಮನೆಯಲ್ಲಿ ಗೊನೆ ಹಣ್ಣಿಗೆ ಹಾಕುವ ಕೋಣೆಯ ಪಕ್ಕದ ಪಡಸಾಲೆಯಲ್ಲಿ ಮಲಗಿಸಿದ್ದೆವು, ಅಲ್ಲಿ ತಂಪಿರುತ್ತದೆ ಎಂದು. ಸೂಜಿಯ ಹೊತ್ತಾಯಿತು. ಹೊಟ್ಟೆಯಲ್ಲಿ ಅನ್ನದ ಅಗುಳಿಲ್ಲ, ಹಾಕುವುದೋ ಬಿಡುವುದೋ. ಅವರನ್ನು ಕೇಳಿದರೆ ಹೂಂ ಎಂದು ಕಣ್ಣು ಮುಚ್ಚಿದರು.

ಫೈಲಿನ ಮೇಲೆ ದವಾಖಾನೆಯ ನಂಬರಿತ್ತು. ಎಂಥದೇ ಹೊತ್ತಿನಲ್ಲಿ ಫೋನ್ ಮಾಡೆಂದು ನಿಮ್ಮ ಮುತ್ಯಾ ನನಗೆ ಹೇಳಿಟ್ಟಿದ್ದರು. ಮಾಡಿದೆ. ಒಬ್ಬ ಹೆಣ್ಣುಮಗಳು ಎತ್ತಿದಳು.

"ಪೇಷಂಟ್ ಹೆಸರ ಏನ್ರಿ?"

"ನಮ್ಮ ಮನ್ಯಾಗಿನವರು," ಎಂದೆ.

"ಹಂಗಲ್ರಿ, ಹೆಸರ ಹೇಳ್ರಿ. ಫೈಲ್ ತೆಗೀಬೇಕು."

ಸುತ್ತ ನೋಡಿದೆ, ನನ್ನ ಪರವಾಗಿ ಹೇಳುವವರು ಯಾರಾದರೂ ಇದ್ದಾರೇನೋ ಎಂದು. ಹೆಂಗಸರೆಲ್ಲ ಅಂಗಳದಲ್ಲಿ ಬಸುರಿಗೆ ಬಳೆ ಇಡಿಸುತ್ತಿದ್ದರು, ಹಾಡುತ್ತಿದ್ದರು. ಮೈದುನ ತೋಟಕ್ಕೆ ಹೋಗಿದ್ದ. ನಿಮ್ಮ ಅಪ್ಪ ನಮ್ಮ ಜೊತೆ ಬಂದಿರಲಿಲ್ಲ. ಹೆಸರು ನಾಲಿಗೆಯ ಬುಡಕ್ಕೆ ಬಂತು, ಅಲ್ಲೇ ನಿಂತಿತು. ಆ ಕಡೆಯಿಂದ ಇನ್ನೊಮ್ಮೆ ಕೇಳಿದಳು. ನಾನು ಫೋನ್ ಇಟ್ಟುಬಿಟ್ಟೆ. ಮೈದುನ ಬಂದ ಮೇಲೆ ಅವನಿಂದ ಕೇಳಿಸಿದರಾಯಿತು ಎಂದುಕೊಂಡೆ.

ಅವನು ಸಂಜೆಗೆ ಬಂದ. ಅಷ್ಟರಲ್ಲಿ ವಾಂತಿ ನಿಂತಿತ್ತು, ಅವರು ಮಲಗಿದ್ದರು. "ನಿದ್ದಿ ಹತ್ಯಾದ, ಎಬ್ಬಿಸಬ್ಯಾಡ್ರಿ ವೈನಿ," ಎಂದ. ಸಂಜೆಯ ಸೂಜಿಯನ್ನೂ ಬಿಟ್ಟೆ. ಅವರ ಉಸಿರು ದೊಡ್ಡದಾಗಿ ಬರುತ್ತಿತ್ತು, ಅದರಲ್ಲಿ ಕಳಿತ ಹಣ್ಣಿನ ವಾಸನೆ ಇತ್ತು. ಪಕ್ಕದ ಕೋಣೆಯಲ್ಲಿ ನೂರಾರು ಗೊನೆ ಹಣ್ಣಾಗುತ್ತಿದ್ದವು. ವಾಸನೆ ಅಲ್ಲಿಂದಲೇ ಎಂದು ತಿಳಿದೆ. ಹುಟ್ಟಿದಾಗಿನಿಂದ ಬಾಳೆಯ ನಡುವೆ ಬೆಳೆದ ಮೈದುನನೂ ಹಾಗೇ ತಿಳಿದ. ಇನ್ಸುಲಿನ್ ಇಲ್ಲದೆ ರಕ್ತ ವಿಷವಾಗುವಾಗ ಉಸಿರಿಗೆ ಆ ವಾಸನೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ, ಕಲಬುರಗಿಯ ದವಾಖಾನೆಯಲ್ಲಿ. ಬೆಳಗಾದಾಗ ಎಬ್ಬಿಸಿದರೆ ಅವರು ಏಳಲಿಲ್ಲ.

ಕಲಬುರಗಿಯ ದವಾಖಾನೆಗೆ ತಂದು ಸೇರಿಸಿದ ಮೂರನೆಯ ದಿನ ಕಣ್ಣು ಬಿಟ್ಟರು. ಮಾತಾಡುತ್ತಿದ್ದಾರೆ ಎಂದು ನರ್ಸಮ್ಮ ಹೇಳಿದಳು. ನಾನು ಓಡಿ ಹೋದೆ, ಆದರೆ ಒಳಗೆ ಡಾಕ್ಟರರಿದ್ದರು. ರೂಢಿಯಂತೆ ಬಾಗಿಲ ಹೊರಗೇ ನಿಂತೆ.

"ಊಟ ಬಿಟ್ರೂ ಇನ್ಸುಲಿನ್ ಪೂರ್ತಿ ಬಿಡಬ್ಯಾಡ್ರಿ, ಫೋನ್ ಮಾಡಿ ಕೇಳ್ರಿ ಅಂತ ನಿಮಗ ಹೇಳಿದ್ದೆನಲ್ರಿ," ಡಾಕ್ಟರರು ಕೇಳುತ್ತಿದ್ದರು. "ಯಾರು ಬಿಡಿಸಿದ್ರು?"

ನಿಮ್ಮ ಮುತ್ಯಾನ ದನಿ ಬಹಳ ಕ್ಷೀಣವಾಗಿತ್ತು. "ನಾನೇ ಬಿಟ್ಟೇನ್ರಿ. ಆಕಿ ಹಾಕ್ತೀನಿ ಅಂತ ಬಂದಿದ್ಲು, ನಾನೇ ಬ್ಯಾಡ ಅಂದೆ." ಆಮೇಲೆ ಅಂದರು: "ಸೂಜಿ ಬಿಟ್ಟಿದ್ದಕ್ಕ ಹಿಂಗಾಯ್ತು ಅಂತ ಆಕಿಗಿ ಹೇಳಬ್ಯಾಡ್ರಿ, ಡಾಕ್ಟ್ರ. ತಾಳಂಗಿಲ್ಲ."

ಸುಳ್ಳು ಹಣ್ಣು ಮಾರದ ಮನುಷ್ಯ ಹೇಳಿದ ಸುಳ್ಳು ಅದೊಂದೇ, ನನಗೆ ತಿಳಿದಂತೆ.

ನಾನು ಒಳಗೆ ಹೋದಾಗ ಅವರು ನನ್ನ ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಕಣ್ಣು ಮುಚ್ಚಿದರು. ಮನೆಗೆ ಹೋಗುವುದು ಯಾವಾಗ ಎಂದು ಕೇಳಿದೆ. ಯಾವ ದಿನವನ್ನೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಹೋಗಿಬಿಟ್ಟರು.

ನಿಮ್ಮ ಅಪ್ಪನಿಗೆ ಇದನ್ನು ನಾನು ಈವರೆಗೆ ಹೇಳಿಲ್ಲ. ನಿಮ್ಮ ಮುತ್ಯಾ ಮುಚ್ಚಿದ್ದನ್ನು ತೆರೆದರೆ ಅವರ ಮಾತು ಮೀರಿದಂತೆ ಎಂದು ಸುಮ್ಮನಿದ್ದೆ. ಆದರೆ ಶ್ರಾವಣದ ಆ ಸೋಮವಾರವೂ ಮೀರಿದ್ದೆನಲ್ಲ.

ಹೈದರಾಬಾದಿನಿಂದ ಬಂದ ಕಾಗದ ನನ್ನ ಟ್ರಂಕಿನಲ್ಲಿದೆ. ಮೊದಲನೆಯ ನಮೂನೆ ಎಂದು ಡಾಕ್ಟರರು ಓದಿ ಹೇಳಿದರು. ಆ ದಿನ ಅವರ ಕೋಣೆಯೊಳಗೆ, ಕುರ್ಚಿಯ ಮೇಲೆ ಕೂತಿದ್ದೆ. ಕಾಗದದಿಂದ ಯಾರಿಗೂ ಉಪಯೋಗವಿರಲಿಲ್ಲ. ಆದರೂ ಅವರ ರಕ್ತ ಅಷ್ಟು ದೂರ ಹೋಗಿ ಬಂದಿದೆ, ತರದೆ ಬಿಡುವುದು ಹೇಗೆ ಎಂದು, ಮಣ್ಣಾಗಿ ಹನ್ನೊಂದು ದಿನ ಕಳೆದ ಮೇಲೆ, ಒಬ್ಬಳೇ ಆಟೋ ಹತ್ತಿ ಸೂಪರ್ ಮಾರ್ಕೆಟ್ ಹತ್ತಿರದ ಲ್ಯಾಬಿಗೆ ಹೋಗಿದ್ದೆ. ನನ್ನ ಹಿಂದೆ ಏಳೆಂಟು ಜನ ಸಾಲಿನಲ್ಲಿದ್ದರು. ಕಿಟಕಿಯೊಳಗಿನ ಹುಡುಗಿ ತಲೆ ಎತ್ತದೆ ಹೆಸರು ಕೇಳಿದಳು.

"ಶಿವಶರಣಪ್ಪ," ಎಂದೆ.

"ಕೇಳಸಲಿಲ್ರೀ ಅಮ್ಮಾ. ಜೋರ ಹೇಳ್ರಿ."

ಜೋರಾಗಿ ಹೇಳಿದೆ. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು.