ಗಾಳಿಯಲ್ಲಿ ನಿಂತ ಬೆರಳು

ಆಕೆಯ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಮೇವು ಕತ್ತರಿಸೋ ಮಿಷಿನ್ನಿಗೆ ಸಿಕ್ಕಿ ಹೋಗಿತ್ತಂತೆ. ಕಂಪ್ಯೂಟರಿನಲ್ಲಿ ಏನೇ ಬರೆದರೂ ಎಂಟರ್ ಒತ್ತುವ ಮುಂಚೆ ಆ ಬೋಳು ಬೆರಳು ಗಾಳಿಯಲ್ಲಿ ನಿಲ್ಲುತ್ತಿತ್ತು. ಮುಳಬಾಗಿಲು ಕಡೆಯವಳು, ಮನೆಮಾತು ತೆಲುಗು. "ಆಗು, ಆಗು" ಅಂತ ಬೆರಳಿಗೇ ಹೇಳಿಕೊಳ್ಳೋಳು. ತಡಿ ಅಂತ. ಬರೆದದ್ದನ್ನು ಇನ್ನೊಂದು ಸಲ ಓದಿ ಆಮೇಲೆ ಒತ್ತೋಳು.

ವಕ್ಕಲೇರಿ ಕಡೆ ನಮ್ಮ ಹಳ್ಳಿ. ಹೆಂಗಸರ ಸಂಘಕ್ಕೆ ಒಂದು ಕೋಣೆ, ಕೋಣೆಯಲ್ಲಿ ಒಂದೇ ಕಂಪ್ಯೂಟರ್. ಅದನ್ನು ನೋಡಿಕೊಳ್ಳೋಕೆ ಬಂದವಳು ಆಕೆ. ಊರೆಲ್ಲ ಮೇಡಮ್ಮ ಅಂತಿತ್ತು, ನಾನೂ ಅಂದೆ. ಸಿಹಿಮಾತಿನವಳಲ್ಲ. ಬಂದ ಕೂಡಲೇ ದುಪಟ್ಟಾದಲ್ಲಿ ಕೀಬೋರ್ಡ್ ಒರೆಸೋಳು, ನನ್ನ ಎಲೆಅಡಿಕೆ ಚೀಲವನ್ನು ಬಾಗಿಲಾಚೆ ಇಡಿಸೋಳು.

ನಾನು ಓದಿದ್ದು ಮೂರನೇ ಕ್ಲಾಸು. ಮಾಡಿದ್ದು ಸೂಲಗಿತ್ತಿ ಕೆಲಸ. ನನ್ನ ಕೈಯಲ್ಲಿ ಹುಟ್ಟಿದವರು ಯಾರ್ಯಾರು, ಯಾವ ಹೊತ್ತು, ತಾಯಿ ಎಷ್ಟು ನರಳಿದಳು, ಎಲ್ಲ ತಲೆಯಲ್ಲೇ ಇತ್ತು. ಒಂದು ಜ್ವರ ಬಂದು ಹೋದಮೇಲೆ ಒಂದೊಂದೇ ಜಾರೋಕೆ ಶುರುವಾಯಿತು. "ಇದ್ದಷ್ಟು ಬರೆದಿಡಿ ಅಜ್ಜಿ" ಅಂತ ಕೂರಿಸಿದವಳು ಆಕೆ.

"ಮಿಷಿನ್ ಒಂದೇ. ಒಳಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಜಾಗ. ನಿಮ್ಮ ಹೆಸರು, ಪಾಸ್‌ವರ್ಡ್ ಹೊಡೆದರೆ ಸೀದಾ ನಿಮ್ಮ ಜಾಗಕ್ಕೆ ಬಿಡುತ್ತೆ. ಅದಕ್ಕೆ ಹೋಮ್ ಅಂತಾರೆ. ಬೇರೆಯವರು ಅಲ್ಲಿಗೆ ಬರೋಕಾಗಲ್ಲ."

"ನನ್ನ ಸೊಸೇನೂ?"

"ನಿಮ್ಮ ಸೊಸೇನೂ."

"ಹಂಗಾದ್ರೆ ಕೊಡು," ಅಂದೆ.

ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆವರೆಗೆ ಒಂದೊಂದೇ ಅಕ್ಷರ ಕುಟ್ಟಿದೆ. ಬರೆದದ್ದನ್ನು ತಲೆ ಬಿಟ್ಟುಬಿಡ್ತು. ಅಲ್ಲಿದೆಯಲ್ಲ ಅಂತ ನಾನೂ ಸುಮ್ಮನಾದೆ.

ಆಮೇಲೆ ಡಿಸ್ಕು ತುಂಬಿಹೋಯಿತು. ಮಾಲೂರಿನ ಅಂಗಡಿಯವನು ದೊಡ್ಡದು ತಂದ. ಎಲ್ಲರ ಜಾಗವನ್ನೂ ಹೊಸದರಲ್ಲಿ ಮಾಡಿ, ಹಳೇದನ್ನು ಅವನಿಗೆ ಕೊಡಬೇಕು. ಅವನು ಅಳಿಸಿ ಬೇರೆಯವರಿಗೆ ಹಾಕ್ತಾನೆ. ಅವತ್ತು ನನಗೆ ಕೋಲಾರದಲ್ಲಿ ಕಣ್ಣಿನ ಡಾಕ್ಟರು. ಆದರೂ ನನ್ನದು ನನ್ನ ಕಣ್ಣೆದುರೇ ಆಗಬೇಕು ಅಂತ ಹಟ. ಪಕ್ಕದಲ್ಲಿ ನಿಂತು ಮಾತಲ್ಲೇ ಚುಚ್ಚಿದೆ.

"ನಂದು ಮೊದಲು ಮಾಡೇ ತಾಯಿ, ಬಸ್ಸು ಹೋಯ್ತದೆ. ಆ ಬೆರಳೇನು ಪೂಜೆ ಮಾಡ್ತೈತಾ? ಒತ್ತು!"

ಬೆರಳು ನಿಲ್ಲಲಿಲ್ಲ. ಒತ್ತಿದಳು. ನಾನು ಬಸ್ಸು ಹತ್ತಿದೆ.

ಮಾರನೇ ದಿನ ಹೆಸರು ಹೊಡೆದೆ. ಒಳಗೆ ಬಿಟ್ಟಿತು. ನಾನು ಬರೆದದ್ದು ಒಂದೂ ಇಲ್ಲ. ಆಕೆ ಬಂದು ನೋಡಿದಳು.

"ಅಜ್ಜಿ, ಇನ್ನು ನಿಮ್ಮ ಜಾಗ ಹೊಸ ಡಿಸ್ಕಿನಲ್ಲಿ ಅಂತ ಮಿಷಿನ್ನಿಗೆ ಬರೆದೆ. ಹಳೇ ಜಾಗದಲ್ಲಿ ಇರೋದನ್ನೆಲ್ಲ ಅಲ್ಲಿಗೆ ಸಾಗಿಸು ಅಂತ ಬರೀಲಿಲ್ಲ. ಅದಕ್ಕೆ ಒಂದೇ ಒಂದಕ್ಷರ ಸೇರಿಸಬೇಕಿತ್ತು. ಮಿಕ್ಕವರಿಗೆಲ್ಲ ಹಾಕಿದೀನಿ, ನಿಮ್ಮದಕ್ಕೆ ಬಿಟ್ಟೆ."

ಹಳೇ ಡಿಸ್ಕು ಹಿಂದಿನ ದಿನವೇ ಮಾಲೂರಿಗೆ ಹೋಗಿತ್ತು. ಅಂಗಡಿಗೆ ಫೋನು ಮಾಡಿದಳು. "ಈಗ ಅಳಿಸ್ತಾ ಕೂತಿದೀನಿ ಮೇಡಂ. ಬಂದಿದ್ದ ಹಳೇ ಡಿಸ್ಕುಗಳಲ್ಲಿ ಎರಡು ಆಯ್ತು. ಯಾವುದು ಯಾರದು ಅಂತ ಬರೆದಿಟ್ಟಿಲ್ಲ," ಅಂದ ಅವನು.

"ಆಗಂಡಿ ಅಣ್ಣಾ! ಮಿಕ್ಕಿದ್ದು ಮುಟ್ಟಬೇಡಿ!"

ಇಬ್ಬರೂ ಮಾಲೂರಿನ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಆಕೆಗೆ ಸಂಘದ ಅಧ್ಯಕ್ಷಮ್ಮನ ಫೋನು ಬಂತು. ಅವಳ ಗಂಟಲು ಪಕ್ಕದ ಸೀಟಿಗೂ ಕೇಳುತ್ತೆ. "ಏನಂತೆ? ಆ ಮುದುಕಿ ಏನಾದ್ರೂ ಒತ್ತಿಬಿಟ್ಟಳಾ?"

"ಇಲ್ಲ ಅಕ್ಕಾ. ತಪ್ಪು ನಂದೇ."

ನಾನು ಪಕ್ಕದಲ್ಲೇ ಇದ್ದೆ. ಹೆರಿಗೆ ಕೋಣೆಯಲ್ಲಿ ಅವಸರ ಮಾಡೋರನ್ನು ಬೈದು ಹೊರಗೆ ಅಟ್ಟುತ್ತಿದ್ದವಳು. ಬಾಯಿ ಬಿಡಲಿಲ್ಲ.

ಅಂಗಡಿಯ ಮೇಜಿನ ಮೇಲೆ ನಾಲ್ಕು ಡಿಸ್ಕು, ಎಲ್ಲಾ ಒಂದೇ ಥರ. ಎರಡು ಆಗಲೇ ಖಾಲಿ. ಮೂರನೇದನ್ನು ಸಿಕ್ಕಿಸಿದಳು. ಯಾರದೋ ಮದುವೆ ಫೋಟೋ. ನಾಲ್ಕನೇದನ್ನು ಸಿಕ್ಕಿಸಿದಳು. ನಾನು ಗೋಡೆ ಕಡೆ ತಿರುಗಿದೆ.

"ಲಕ್ಕೂರಿನ ಪಾಪಕ್ಕ," ಅಂತ ಓದಿದಳು. "ಚೊಚ್ಚಲು. ಹೆಣ್ಣು. ಕಾಲು ಮೊದಲು ಬಂತು."

ನಾನು ಬರೆದ ಮೊದಲನೇ ಸಾಲು.

ಊರಿಗೆ ತಂದು ನನ್ನ ಜಾಗಕ್ಕೆ ಹಾಕುವಾಗ ಬೆರಳು ಮತ್ತೆ ಗಾಳಿಯಲ್ಲಿ ನಿಂತಿತು. ಕೊನೇ ಬಸ್ಸು ಹಾರನ್ ಹೊಡೆದು ಹೋಯಿತು, ಆಕೆ ಹಿಡಿಯಬೇಕಾಗಿದ್ದ ಬಸ್ಸು. ಬೆರಳು ಅಲ್ಲಾಡಲಿಲ್ಲ. ಪೂರ್ತಿ ಓದಿ ಆಮೇಲೆ ಒತ್ತಿದಳು. ಅವತ್ತು ನಮ್ಮ ಮನೆಯಲ್ಲೇ ಮುದ್ದೆ ಉಂಡು ಮಲಗಿದಳು.

ಮುಂದಿನ ವರ್ಷ ಆಕೆಯನ್ನು ಇಟ್ಟುಕೊಳ್ಳಲಿಲ್ಲ. "ಎಡವಟ್ಟು ಹೆಂಗಸು," ಅಂದಳು ಅಧ್ಯಕ್ಷಮ್ಮ, ಮೀಟಿಂಗಿನಲ್ಲಿ. ನಾನು ಅಲ್ಲೂ ಕೂತಿದ್ದೆ. ಅಲ್ಲೂ ಬಾಯಿ ಬಿಡಲಿಲ್ಲ.

ಹೊರಟ ದಿನ ಬಸ್‌ಸ್ಟಾಪಿನಲ್ಲಿ ಹೇಳಿದೆ. "ಅವಸರ ಮಾಡಿದ್ದು ನಾನು ಕಣಮ್ಮ. ನೀನ್ಯಾಕೆ ಹೇಳಲಿಲ್ಲ?"

ಬೋಳು ಬೆರಳು ಎತ್ತಿ ತೋರಿಸಿದಳು. "ಒತ್ತಿದ್ದು ಇದು ತಾನೇ ಅಜ್ಜಿ." ಬಸ್ಸು ಹತ್ತಿದಳು. ಮುಳಬಾಗಿಲಲ್ಲೇ ಎಲ್ಲೋ ಕೆಲಸ ಸಿಕ್ಕಿದೆ ಅಂತ ಕೇಳಿದೆ.

ಇದನ್ನು ಆಕೆ ಉಳಿಸಿಕೊಟ್ಟ ಜಾಗದಲ್ಲೇ ಕೂತು ಕುಟ್ಟಿದೀನಿ. ಯಾರೂ ಒಳಗೆ ಬರೋಕಾಗಲ್ಲ, ಇಲ್ಲೇ ಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಅದಕ್ಕೇ ನಾಳೆ ಪ್ರಿಂಟ್ ತೆಗೆಸಿ, ಮೀಟಿಂಗಿನಲ್ಲಿ ಎದ್ದು ನಿಂತು ನಾನೇ ಓದ್ತೀನಿ.