ನುಣುಪಾದ ಚಿಪ್ಪು

ನಾನು ತೆಂಗಿನ ಚಿಪ್ಪಿನಲ್ಲಿ ಬಟ್ಟಲು ಮಾಡಿ ಮಾರುತ್ತೇನೆ. ಚಿಪ್ಪು ನೋಯ್ಡಾದ ಉಡುಪಿ ಹೋಟೆಲಿನದು. ಕಾಯಿ ತುರಿದ ಮೇಲೆ ನನಗಾಗಿ ಎತ್ತಿಡುತ್ತಾರೆ.

ಕಳೆದ ವರ್ಷ ಅಲ್ಲೇ ಹತ್ತಿರದ ಇಂದಿರಾಪುರಂನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಕೈಕೆಲಸದ ಮೇಳದಲ್ಲಿ ಸ್ಟಾಲ್ ಹಾಕಿದ್ದೆ. ಉಸ್ತುವಾರಿಯ ಹುಡುಗಿ ಬಂದು ಒಂದು ಬಟ್ಟಲು ಸವರಿ ನೋಡಿದಳು. ದಿಲ್ಲಿಯಲ್ಲೇ ಬೆಳೆದ ಕನ್ನಡದವಳು.

"ಅಂಕಲ್, ಇಷ್ಟು ಸ್ಮೂತ್ ಕೈಯಲ್ಲಿ ಬರಲ್ಲ. ಇದು ಮಷೀನ್‌ದು. ರೂಲ್ ಪ್ರಕಾರ ಸ್ಟಾಲ್ ಖಾಲಿ ಮಾಡಬೇಕು."

"ಕೈಯದೇ."

"ಪ್ರೂಫ್?"

ಒಂದು ಒರಟು ಚಿಪ್ಪು, ಮರಳುಕಾಗದ ಕೊಟ್ಟು ನನ್ನ ಸ್ಟೂಲು ತೋರಿಸಿದೆ. "ಉಜ್ಜು."

ಕುಳಿತಳು. ಫೋನ್ ಬಂದರೂ ಎತ್ತಲಿಲ್ಲ. ಮಧ್ಯಾಹ್ನದವರೆಗೂ ಉಜ್ಜಿದಳು. ಹೆಬ್ಬೆರಳಗಲದ ಜಾಗವೊಂದು ನನ್ನ ಬಟ್ಟಲಿನಷ್ಟೇ ನುಣುಪಾಯಿತು. ಉಳಿದದ್ದು ಒರಟಾಗೇ ಉಳಿಯಿತು, ಅಂಚೂ ಸೊಟ್ಟಗಾಯಿತು.

"ಅಚ್ಛಾ, ಸ್ಟಾಲ್ ಇರಲಿ ಬಿಡಿ ಅಂಕಲ್," ಎಂದು ಅದನ್ನು ನನ್ನ ಮೇಜಿನ ಮೇಲಿಟ್ಟಳು.

ಆಗಲೇ ಬಂದ ಗಿರಾಕಿ ಹೆಂಗಸೊಬ್ಬರು ನನ್ನ ಬಟ್ಟಲುಗಳನ್ನೆಲ್ಲ ಬದಿಗೆ ಸರಿಸಿ ಅವಳದನ್ನೇ ಎತ್ತಿಕೊಂಡರು. ನೋಡಿದರೇ ಗೊತ್ತಾಗುತ್ತದೆ, ಇದು ಕೈಯಲ್ಲಿ ಮಾಡಿದ್ದು ಎಂದು ಹಿಂದಿಯಲ್ಲಿ ಹೇಳಿ, ಚೌಕಾಸಿ ಮಾಡದೆ ಕೊಂಡುಹೋದರು.

ಈ ವರ್ಷ ಹುಡುಗಿ ನನ್ನ ಪಕ್ಕದಲ್ಲೇ ಸ್ಟಾಲ್ ಹಾಕಿದ್ದಾಳೆ. ವ್ಯಾಪಾರ ಅವಳದೇ ಜೋರು. ಚಿಪ್ಪು ನಾನೇ ತಂದುಕೊಡುತ್ತೇನೆ. ಉಜ್ಜುವುದನ್ನು ಮಾತ್ರ ಹೇಳಿಕೊಡಬೇಡಿ ಎಂದಿದ್ದಾಳೆ.