ನನ್ನ ಕಾರಿನ ಸುದ್ದಿ ಇನ್ನೊಬ್ಬರ ಫೋನಿಗೆ ಬಂದಿತ್ತು

ಬಾಗಿಲಲ್ಲಿ ನಿಂತಿದ್ದ ಹೆಂಗಸು ನನ್ನ ಹೆಸರನ್ನೂ ಕೇಳಲಿಲ್ಲ.

“ನೀಲಿ ಎಲೆಕ್ಟ್ರಿಕ್ ಕಾರು ಈ ಮನಿದೇನ್ರಿ?” ಎಂದರು.

ಹೌದು ಎಂದೆ. ಅವರ ಕಣ್ಣು ನನ್ನನ್ನು ದಾಟಿ ಶೆಡ್ಡಿನ ಕಡೆ ಹೋಯಿತು. ಅಲ್ಲಿ ಕಾರು ಚಾರ್ಜಿಗೆ ನಿಂತಿತ್ತು. ಅದರ ಪಕ್ಕದಲ್ಲೇ, ಸೂರು ಮುಟ್ಟುವಷ್ಟು ಎತ್ತರಕ್ಕೆ ಈ ವರ್ಷದ ಹತ್ತಿ.

“ಮದ್ಲು ಆ ವೈರ್ ತೆಗೀರಿ. ಉಳಿದದ್ದು ಆಮ್ಯಾಲ ಹೇಳ್ತೀನಿ.”

ಅವರ ದನಿಯಲ್ಲಿ ಏನಿತ್ತೋ ಗೊತ್ತಿಲ್ಲ, ಯಾಕೆ ಎಂದು ಕೇಳದೆ ಹೋಗಿ ಪ್ಲಗ್ ಕಿತ್ತೆ.

ನಮ್ಮದು ಮಾನ್ವಿ ಹತ್ತಿರದ ಹಿರೇಕೊಟ್ನೆಕಲ್. ನಾನು ದೇವದುರ್ಗದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ದಿನಾ ಹೋಗಿ ಬರಲೆಂದು ರಾಯಚೂರಿನ ಒಬ್ಬ ಡೀಲರ್ ಹತ್ತಿರ ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆವು.

ಬಂದವರ ಹೆಸರು ಸುಜಾತಾ. ಶಕ್ತಿನಗರದ ಪವರ್ ಸ್ಟೇಷನ್ನಿನಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ನಮಗಿಂತ ಮೊದಲು ಈ ಕಾರು ಅವರದಾಗಿತ್ತು! ಅವರು ಡೀಲರಿಗೆ ಮಾರಿದ್ದರು, ಡೀಲರ್ ನಮಗೆ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ನನ್ನ ಗಂಡ ಬಸವರಾಜನಿಗೆ ಅನುಮಾನ. “ಮಾರಿದ ಗಾಡಿ ಹುಡುಕ್ಕೊಂಡು ಇಷ್ಟು ದೂರ ಯಾರ್ರೀ ಬರ್ತಾರ? ವಾಪಸ್ ಕೇಳಾಕ ಬಂದಿರೇನು?”

ಸುಜಾತಾ ತಮ್ಮ ಫೋನ್ ಮುಂದೆ ಹಿಡಿದರು.

ಕಾರಿನ ಕಂಪನಿಯ ಮೆಸೇಜು. ಈ ಮಾಡೆಲ್‌ನ ಕೆಲವು ಕಾರುಗಳ ಬ್ಯಾಟರಿಯಲ್ಲಿ ತಯಾರಿಕೆಯ ದೋಷವಿದೆ, ಬೆಂಕಿ ಹೊತ್ತುವ ಸಾಧ್ಯತೆ ಇದೆ, ಗಾಡಿಯನ್ನು ರಿಕಾಲ್ ಮಾಡುತ್ತಿದ್ದೇವೆ, ತಂದರೆ ನಾವೇ ಸರಿಮಾಡಿಕೊಡುತ್ತೇವೆ. ಅಲ್ಲಿಯವರೆಗೆ ಪೂರ್ತಿ ಚಾರ್ಜ್ ಮಾಡಬೇಡಿ, ಮನೆಯಿಂದ ದೂರ ಬಯಲಲ್ಲಿ ನಿಲ್ಲಿಸಿ.

ಆರ್‌ಸಿ ನಮ್ಮ ಹೆಸರಿಗೆ ಆಗಿತ್ತು ನಿಜ. ಆದರೆ ಕಂಪನಿಯ ಲೆಕ್ಕದಲ್ಲಿ ಇವತ್ತಿಗೂ ಸುಜಾತಾ ಅವರದೇ ನಂಬರ್.

“ಮದ್ಲನೇ ಸಲ ಬಂದಾಗ, ಮಾರೀನಲ್ಲ ನನಗ್ಯಾಕ ಅಂತ ಬಿಟ್ಟೆ. ಮತ್ತ ಬಂತು. ಆ ಗಾಡ್ಯಾಗ ಈಗ ಯಾರರ ಮಕ್ಕಳು ಕುಂತಿರ್ತಾವಲ್ಲ ಅನ್ನಿಸ್ತು ನೋಡ್ರಿ… ಕುಂತಲ್ಲಿ ಕುಂದ್ರಾಕ ಆಗ್ಲಿಲ್ಲ.”

ಡೀಲರ್ ಅಂಗಡಿ ಮುಚ್ಚಿಕೊಂಡು ಹೋಗಿದ್ದನಂತೆ. ಮಾನ್ವಿ ಕಡೆಯ ಟೀಚರ್ ಒಬ್ಬರು ಕೊಂಡರು ಎಂದು ಅವನು ಒಮ್ಮೆ ಹೇಳಿದ್ದಷ್ಟೇ ಇವರಿಗೆ ನೆನಪು. ಅದೊಂದನ್ನೇ ಹಿಡಿದುಕೊಂಡು ಬಸ್ಸು ಹತ್ತಿದ್ದಾರೆ. ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ಆಟೋದವರನ್ನು ಕೇಳಿದ್ದಾರೆ. “ಸಪ್ಪಳಿಲ್ಲದ ಕಾರಿನ ಟೀಚರ್ರಾ? ಕೊಟ್ನೆಕಲ್ಲಿಗೆ ಹೋಗ್ರಿ” ಎಂದರಂತೆ. ನನಗೆ ಇಷ್ಟು ಹೆಸರಿದೆ ಎಂದು ಅವತ್ತೇ ಗೊತ್ತಾದದ್ದು!

ಬಸವರಾಜ ಕೀ ತೆಗೆದುಕೊಂಡು ಕಾರನ್ನು ಊರ ಹೊರಗಿನ ಖಾಲಿ ಕಣದಲ್ಲಿ ನಿಲ್ಲಿಸಿ ಬಂದ.

ನಮ್ಮ ಅತ್ತೆ ಮಾತ್ರ ಹತ್ತಿಯನ್ನೇ ನೋಡುತ್ತಾ ನಿಂತಿದ್ದರು. ಶೆಡ್ಡಿನ ಹಿಂದಿನ ಗೋಡೆಗೆ ಅಂಟಿಕೊಂಡೇ ಅವರು ಮಲಗುವ ಕೋಣೆ.

ಆಮೇಲೆ ಅತ್ತೆಯೇ ಸುಜಾತಾ ಅವರ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. “ಬಾ ಯವ್ವಾ, ಬಿಸಿಲಾಗ ಬಂದಿ. ಪುಂಡಿಪಲ್ಯ ಅದ, ಒಂದೆರಡು ರೊಟ್ಟಿ ತಿನ್ನು.”

ನನ್ನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು.

ಕೆಲವು ತಿಂಗಳಿಂದ ಕಾರು ಮೊದಲಿನಷ್ಟು ದೂರ ಓಡುತ್ತಿರಲಿಲ್ಲ. ಹಳೆ ಗಾಡಿ, ಬ್ಯಾಟರಿಗೆ ವಯಸ್ಸಾಯಿತು ಅಂದುಕೊಂಡೆ. ದೇವದುರ್ಗ ಮುಟ್ಟಿ ಬರಬೇಕಲ್ಲ ಎಂದು ದಿನಾ ಫುಲ್ ಚಾರ್ಜ್ ಮಾಡತೊಡಗಿದೆ. ಯಾವುದನ್ನು ಮಾಡಬೇಡಿ ಎಂದು ಕಂಪನಿ ಹೇಳುತ್ತಿತ್ತೋ ಸರಿಯಾಗಿ ಅದನ್ನೇ!

ಕಂಪನಿಗೆ ಫೋನ್ ಮಾಡಿ ಚಾಸಿ ನಂಬರ್ ಹೇಳಿದೆವು. ನಮ್ಮ ಗಾಡಿಯೂ ರಿಕಾಲ್‌ನಲ್ಲಿದೆ ಎಂದರು. ಲಾರಿ ಬಂದು ಕಾರನ್ನು ಹೇರಿಕೊಂಡು ರಾಯಚೂರಿಗೆ ಹೋಯಿತು.

ಬ್ಯಾಟರಿ ಬಿಚ್ಚುವ ದಿನ ನಾನು ರಜೆ ಹಾಕಿದೆ. ಬಸವರಾಜ ನಕ್ಕ. ನಗಲಿ, ಇಷ್ಟು ದಿನ ಯಾವುದರ ಮೇಲೆ ಕುಳಿತು ಓಡಾಡಿದೆ ಎಂದು ನನಗೆ ನೋಡಲೇಬೇಕಿತ್ತು.

ಕಾರನ್ನು ಮೇಲೆತ್ತಿ ಕೆಳಗಿನಿಂದ ಬ್ಯಾಟರಿ ಇಳಿಸಿದರು. ಮಂಚದಷ್ಟು ಅಗಲದ ಚಪ್ಪಟೆ ಪೆಟ್ಟಿಗೆ. ಅದರೊಳಗೆ ಸಾಲುಸಾಲು ಸಣ್ಣ ಸೆಲ್‌ಗಳು ಇರುತ್ತವಂತೆ. ಹತ್ತಿರ ಬಿಡಲಿಲ್ಲ, ಗಾಜಿನಾಚೆಯಿಂದಲೇ ನೋಡಿದೆ.

ಮೆಕ್ಯಾನಿಕ್ ಲ್ಯಾಪ್‌ಟಾಪ್ ತಿರುಗಿಸಿ ಒಂದು ಗ್ರಾಫ್ ತೋರಿಸಿದರು. ಎಲ್ಲ ಗೆರೆಗಳೂ ಒಂದೇ ಮಟ್ಟದಲ್ಲಿ, ಒಂದು ಮಾತ್ರ ಕೆಳಗೆ ಜಾರಿತ್ತು.

“ವಯಸ್ಸಾತು ಅಂದ್ರ ಎಲ್ಲಾ ಸೆಲ್ಲು ಕೂಡೇ ನಿಧಾನಕ್ಕ ಸೋಲ್ತಾವ್ರಿ ಮೇಡಂ. ಇಲ್ಲಿ ಉಳಿದವೆಲ್ಲ ಚಲೋ ಅದಾವ, ಇದೊಂದ ಬಿದ್ದದ. ಇದು ವಯಸ್ಸಲ್ಲ, ಜಡ್ಡು.”

ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ಬಿಟ್ಟಿದ್ದರೆ ಹೊತ್ತಿಕೊಳ್ಳುತ್ತಿತ್ತಾ?

“ಹೇಳಾಕ ಬರಂಗಿಲ್ರಿ. ಭಾಳ ಗಾಡಿಗೆ ಏನೂ ಆಗಂಗಿಲ್ಲ. ಆದ್ರ ಯಾವುದಕ್ಕ ಆಗತದ ಅನ್ನೋದು ಹೊರಗಿಂದ ಗೊತ್ತಾಗಂಗಿಲ್ಲ.”

ಹೆದರಿಸಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಯಾಕೋ ಆ ಉತ್ತರ ನನಗೆ ಬಹಳ ಹಿಡಿಸಿತು.

ಹೊಸ ಬ್ಯಾಟರಿ ಹಾಕಿಕೊಟ್ಟರು. ನಮ್ಮಿಂದ ಏನೂ ತೆಗೆದುಕೊಳ್ಳಲಿಲ್ಲ. ಅಲ್ಲೇ ನಿಂತು ಕಂಪನಿಯ ಆ್ಯಪ್‌ನಲ್ಲಿ ಸುಜಾತಾ ಅವರ ನಂಬರ್ ತೆಗೆಸಿ ನನ್ನದು ಹಾಕಿಸಿದೆ.

ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಸಾಕು ಬಿಡ್ರಿ, ಜೀವ ತಣ್ಣಗಾತು” ಎಂದರು.

ಈಗ ಹೊಸ ಬ್ಯಾಟರಿಯಲ್ಲಿ ದೇವದುರ್ಗಕ್ಕೆ ಹೋಗಿಬರುತ್ತಿದ್ದೇನೆ. ಆದರೂ ಚಾರ್ಜಿಂಗ್ ಮಾತ್ರ ಬಯಲಲ್ಲೇ. ಅತ್ತೆಯ ಆರ್ಡರ್.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿರುವ ಗೆಳೆಯರೇ, ನಿಮ್ಮ ಗಾಡಿಯ ಸುದ್ದಿ ಸದ್ಯ ಯಾರ ಫೋನಿಗೆ ಹೋಗುತ್ತಿದೆ?